ಹಂದಿಗಳ ಗಬ್ಬದ ಲೆಕ್ಕ: ಹಲಗೆ, ಚಕ್ರ, ಶೀಟು – ಇಲ್ಲಿಯವರೆಗಿನ ಕೆಲಸ

ತಾಯಿ ಹಂದಿಯ ಗಬ್ಬ 114 ದಿನ. ಮೂರು ತಿಂಗಳು, ಮೂರು ವಾರ, ಮೂರು ದಿನ ಎಂಬ ಬಾಯಿಲೆಕ್ಕ ಸಾಕುವವರಿಗೆಲ್ಲ ಗೊತ್ತು. ಆದರೆ ತಿಂಗಳುಗಳ ಉದ್ದ ಒಂದೇ ಅಲ್ಲದ್ದರಿಂದ ಈ ಬಾಯಿಲೆಕ್ಕ ಕೆಲವೊಮ್ಮೆ 113ಕ್ಕೆ, ಕೆಲವೊಮ್ಮೆ 116ಕ್ಕೆ ಹೋಗಿ ನಿಲ್ಲುತ್ತದೆ. ಮಂಗಳೂರಿನ ಹೊರಗಿನ, 12 ತಾಯಿ ಹಂದಿಗಳ ಗೂಡೊಂದರಲ್ಲಿ ಯಾರು ನೋಡಿದರೂ ದಿನ ತಪ್ಪದ ಹಾಗೆ ಬರೆದಿಡುವ ವ್ಯವಸ್ಥೆ ಮಾಡುವುದು ಈ ಕೆಲಸದ ಉದ್ದೇಶ.

ಗೋಡೆಯ ಹಲಗೆ: ಮುಗಿದಿದೆ

ಹಲಗೆಯ ಲೆಕ್ಕ ಹೀಗೆ: ಹಾಯಿಸಿದ (ಗಂಡು ಹಂದಿಯ ಜೊತೆ ಕೂಡಿಸಿದ) ತಾರೀಕಿಗೆ ನಾಲ್ಕು ತಿಂಗಳು ಸೇರಿಸಿ, ಬಳಿಕ ಹಾಯಿಸಿದ ತಿಂಗಳು ನೋಡಿ ದಿನ ಕಳೆಯಬೇಕು. ಜನವರಿ, ಫೆಬ್ರವರಿ, ನವೆಂಬರಿಗೆ 6. ಡಿಸೆಂಬರಿಗೆ 7. ಮಾರ್ಚ್, ಏಪ್ರಿಲ್, ಜೂನ್, ಆಗಸ್ಟ್, ಸೆಪ್ಟೆಂಬರಿಗೆ 8. ಮೇ, ಜುಲೈ, ಅಕ್ಟೋಬರಿಗೆ 9. ನಡುವೆ ಫೆಬ್ರವರಿ 29 ಬಂದರೆ ಇನ್ನೊಂದು ದಿನ ಹೆಚ್ಚು ಕಳೆಯಬೇಕು. ಏಪ್ರಿಲ್ 10ಕ್ಕೆ ಹಾಯಿಸಿದ್ದರೆ ಆಗಸ್ಟ್ 10, ಅದರಲ್ಲಿ 8 ಕಳೆದರೆ ಆಗಸ್ಟ್ 2: ಆಟಿಯ ಮಳೆಯ ನಡುವೆ ಮರಿ. ಅಕ್ಟೋಬರ್ 30ರಂಥ ತಾರೀಕು ಬಂದಾಗ ‘ಫೆಬ್ರವರಿ 30’ ಎಂಬುದೇ ಇಲ್ಲವಲ್ಲ ಎಂದು ಕೈಬಿಡಬೇಡಿ. ಇದೆ ಎಂದೇ ಹಿಡಿದು 9 ಕಳೆದರೆ ಫೆಬ್ರವರಿ 21 ಸರಿಯಾಗಿ ಸಿಗುತ್ತದೆ.

ಚಕ್ರ: ಎರಡನೇ ಸಲ ಮಾಡಿದ್ದು

ವರ್ಷದ ತಾರೀಕುಗಳಿರುವ ಹೊರತಟ್ಟೆಯ ಮೇಲೆ ಗುರುತುಗಳಿರುವ ಒಳತಟ್ಟೆಯನ್ನು ತಿರುಗಿಸಿ ದಿನ ಓದುವುದು ಈ ಚಕ್ರ. ಹೊರಗಿನ ತಟ್ಟೆ 35 ಸೆಂ.ಮೀ. ಅಗಲ. ಅದರ ಸುತ್ತಳತೆ ಸುಮಾರು 110 ಸೆಂ.ಮೀ., ಹಾಗಾಗಿ ಒಂದು ದಿನಕ್ಕೆ ಸರಿಸುಮಾರು 3 ಮಿ.ಮೀ. ಜಾಗ ಸಿಗುತ್ತದೆ, ಇದಕ್ಕಿಂತ ಚಿಕ್ಕದಾದರೆ ಗೂಡಿನ ಮಬ್ಬು ಬೆಳಕಿನಲ್ಲಿ ಓದಲಾಗದು. ಮೊದಲನೆಯದು ಕೆಟ್ಟದ್ದು ಎರಡು ಕಾರಣಕ್ಕೆ. ರಟ್ಟು ಮಳೆಗಾಲದ ತೇವಕ್ಕೆ ಉಬ್ಬಿ ಒಳತಟ್ಟೆ ತಿರುಗದಾಯಿತು. ಅದಕ್ಕಿಂತ ದೊಡ್ಡ ತಪ್ಪು, ಕೋನಮಾಪಕ ಇಟ್ಟು ಒಂದು ಡಿಗ್ರಿಗೆ ಒಂದು ದಿನ ಎಂದು ಗುರುತು ಹಾಕಿದ್ದು. ವರ್ಷಕ್ಕೆ 365 ದಿನ, ವೃತ್ತಕ್ಕೆ 360 ಡಿಗ್ರಿ. 114 ದಿನಕ್ಕೆ ಬರುವುದು 112.4 ಡಿಗ್ರಿ. ಈ ಲೆಕ್ಕದಲ್ಲಿ ಮುಳ್ಳು ಒಂದೂವರೆ ದಿನ ಮುಂದೆ ತೋರಿಸುತ್ತದೆ.

ಈಗಿನದಕ್ಕೆ ಫ್ಲೆಕ್ಸ್ ಅಂಗಡಿಯಲ್ಲಿ ಸಿಗುವ 5 ಮಿ.ಮೀ. ಸನ್‌ಬೋರ್ಡ್, ತುಕ್ಕು ಹಿಡಿಯದ ಸ್ಟೀಲ್ ಬೋಲ್ಟ್, ಎರಡು ತಟ್ಟೆಗಳ ನಡುವೆ ನೈಲಾನ್ ವಾಷರ್. ಕೋನಮಾಪಕ ಬೇಕಿಲ್ಲ. ಒಳತಟ್ಟೆಯ ‘ಹಾಯಿಸಿದ್ದು’ ಗೆರೆಯನ್ನು ಜನವರಿ 1ಕ್ಕೆ ಹಿಡಿದು, ಹೊರತಟ್ಟೆಯ ತಾರೀಕುಗಳ ನೇರಕ್ಕೇ ಒಳಗಡೆ ಗುರುತು ಹಾಕಿದರಾಯಿತು: ಜನವರಿ 19ರಿಂದ 25ರವರೆಗೆ ಮರು ಬೆದೆ ನೋಡುವ ಪಟ್ಟಿ, ಏಪ್ರಿಲ್ 11ಕ್ಕೆ ಜಂತುಹುಳು ಔಷಧ (100ನೇ ದಿನ), 20ಕ್ಕೆ ಮರಿ ಹಾಕುವ ಕೋಣೆಗೆ ಸಾಗಿಸುವುದು (109), 25ಕ್ಕೆ ಮರಿ (114). 22ರಿಂದ 28ರವರೆಗೆ ಕೆಂಪು ಬಣ್ಣ, ಏಕೆಂದರೆ 111ರಿಂದ 117ರವರೆಗೆ ಯಾವ ದಿನ ಹಾಕಿದರೂ ಅದು ಸಹಜವೇ. ಗುರುತು ಹಾಕುವಾಗ ಹೊರತಟ್ಟೆಯಲ್ಲಿ ಫೆಬ್ರವರಿಗೆ 28 ದಿನವೇ ಇರಲಿ.

ಶೀಟು: ತಿದ್ದುಪಡಿ ನಡೆಯುತ್ತಿದೆ

ಮೊಬೈಲಿನ ಗೂಗಲ್ ಶೀಟಿನಲ್ಲಿ ತಾರೀಕಿನ ಕೋಶಕ್ಕೆ 114 ಕೂಡಿಸಿದರೆ ಸಾಕು. ಆದರೆ ಸೆಟ್ಟಿಂಗಿನಲ್ಲಿ ದೇಶ ಅಮೆರಿಕ ಎಂದಿದ್ದರೆ 05/06 ಎಂಬುದು ಜೂನ್ 5ರ ಬದಲು ಮೇ 6 ಆಗುತ್ತದೆ. 30 ದಿನ ತಪ್ಪಿದರೂ ಶೀಟು ಏನೂ ಹೇಳುವುದಿಲ್ಲ. 25/06 ಎಂದು ಬರೆದರೆ ಅದನ್ನು ತಾರೀಕೆಂದೇ ತಿಳಿಯದೆ ಎಡಕ್ಕೆ ಅಂಟಿಸಿ ಇಡುತ್ತದೆ. ತಾರೀಕು ಬಲಕ್ಕೆ ನಿಂತಿದೆಯೇ ಎಂದು ನೋಡುವುದು ಮೊದಲ ಪರೀಕ್ಷೆ. ದೇಶ ಭಾರತ ಎಂದು ಬದಲಿಸಿ, ತಿಂಗಳನ್ನು ಅಕ್ಷರದಲ್ಲೇ ಬರೆಯುವ ರೂಢಿ ಇಟ್ಟುಕೊಳ್ಳಿ.

ಲೆಕ್ಕ ನಿಜವಾಗಿ ತಪ್ಪುವುದು ಎಲ್ಲಿ

ಕೂಡಿಸುವುದರಲ್ಲಲ್ಲ, ಎಣಿಕೆ ಶುರುಮಾಡುವ ದಿನದಲ್ಲಿ. ಬೆದೆ ಎರಡು ಮೂರು ದಿನ ಇರುತ್ತದೆ. ಬೆನ್ನು ಒತ್ತಿದರೆ ಅಲುಗಾಡದೆ ನಿಲ್ಲುವ ಹಂದಿಗೆ ಸಾಮಾನ್ಯವಾಗಿ 12 ಗಂಟೆಯ ಅಂತರದಲ್ಲಿ ಎರಡು ಸಲ ಹಾಯಿಸುತ್ತಾರೆ. ಒಬ್ಬರು ಮೊದಲ ಸಲದಿಂದ ಎಣಿಸಿ, ಇನ್ನೊಬ್ಬರು ಎರಡನೆಯದರಿಂದ ಎಣಿಸಿದರೆ ಹಲಗೆಗೂ ಶೀಟಿಗೂ ತಾಳೆ ಬೀಳುವುದಿಲ್ಲ. ಇಲ್ಲಿ ಎರಡನ್ನೂ ಬರೆದು, ಮೊದಲನೆಯದರಿಂದಲೇ ಎಣಿಸುವ ನಿಯಮ ಇಟ್ಟಿದೆ. ಒಂದು ದಿನ ಮೊದಲೇ ಸಿದ್ಧರಾಗುವುದರಿಂದ ನಷ್ಟವಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಮರು ಬೆದೆ ಕಣ್ತಪ್ಪಿದಾಗ. 18ರಿಂದ 24 ದಿನದೊಳಗೆ ಮತ್ತೆ ಬೆದೆಗೆ ಬಂದರೆ ಗಬ್ಬ ಕಟ್ಟಿಲ್ಲ ಎಂದರ್ಥ. 25ರ ನಂತರ, ಐದನೇ ವಾರದ ತನಕ ಬಂದರೆ ಕಟ್ಟಿದ ಭ್ರೂಣಗಳು ಹೋಗಿರುವ ಸಾಧ್ಯತೆ ಹೆಚ್ಚು. ಕರಾವಳಿಯ ಏಪ್ರಿಲ್-ಮೇ ಸೆಕೆಯಲ್ಲಿ ಎರಡೂ ಹೆಚ್ಚುತ್ತವೆ. ಆ ತಿಂಗಳುಗಳಲ್ಲಿ ಬೆಳಿಗ್ಗೆ, ಸಂಜೆ ಎರಡು ಹೊತ್ತು ಬೋರ್ ಅನ್ನು (ಬೀಜದ ಗಂಡು ಹಂದಿಯನ್ನು) ಎದುರಿಗೆ ನಡೆಸಿ ನೋಡಲೇಬೇಕು. ಬೋರ್ ತಾಯಿ ಹಂದಿಗಳ ಜೊತೆಯಲ್ಲೇ ಇದ್ದು ಅದು ಯಾರೂ ನೋಡದೆ ಮರು ಹಾಯ್ದಿದ್ದರೆ ಮರಿ 114ಕ್ಕಲ್ಲ, 135ರ ಸುಮಾರಿಗೆ. 107ನೇ ದಿನಕ್ಕೂ ಕೆಚ್ಚಲು ಇಳಿಯದಿದ್ದರೆ ತಾರೀಕನ್ನೇ ಅನುಮಾನಿಸಿ. ತಾರೀಕು ಖಚಿತವಿಲ್ಲದ ಹಂದಿಗೆ ಹೆರಿಗೆ ಬರಿಸುವ ಚುಚ್ಚುಮದ್ದು ಕೊಡಿಸಲೇಬೇಡಿ, ದಿನ ತುಂಬದ ಮರಿ ಉಳಿಯುವುದಿಲ್ಲ.

ದಿನದಿಂದ ಗಂಟೆಗೆ

ಹಲಗೆ ದಿನ ಹೇಳುತ್ತದೆ, ಗಂಟೆ ಹೇಳುವುದು ಹಂದಿಯೇ. ಕೊನೆಯ ಎರಡು ವಾರದಲ್ಲಿ ಕೆಚ್ಚಲು ತುಂಬುತ್ತಾ ಬರುತ್ತದೆ, ಮೂರು ನಾಲ್ಕು ದಿನ ಇರುವಾಗ ಯೋನಿಯ ತುಟಿ ಊದುತ್ತದೆ. ಬಾಯಿಯಲ್ಲಿ ಬೈಹುಲ್ಲು ಕಚ್ಚಿ ಗೂಡು ಕಟ್ಟಲು, ನೆಲ ಕೆರೆಯಲು ತೊಡಗಿದರೆ ಒಂದು ದಿನದೊಳಗೆ ಎಂದು ತಿಳಿಯಿರಿ. ಮೊಲೆ ಹಿಂಡಿದಾಗ ತಿಳಿ ನೀರು ಬಂದರೆ ಇನ್ನೂ ಹೊತ್ತಿದೆ; ಬಿಳಿ ಹಾಲು ಧಾರೆಯಾಗಿ ಬಂದರೆ ಸಾಮಾನ್ಯವಾಗಿ 12 ಗಂಟೆಯೊಳಗೆ. ಮೊದಲ ಸೂಲಿನವುಗಳಲ್ಲಿ ಈ ಹಾಲಿನ ಗುರುತನ್ನು ಪೂರ್ತಿ ನಂಬುವ ಹಾಗಿಲ್ಲ.

ಹಿಂಡುವ ಮೊದಲು ಕೈ ತೊಳೆಯಿರಿ. ಬೈಹುಲ್ಲು ಒಣಗಿರಲಿ. ಮಳೆಗಾಲದಲ್ಲಿ ಮರಿಗಳ ಮೂಲೆಗೆ 32ರಿಂದ 34 ಡಿಗ್ರಿ ಬಿಸಿ ಬೇಕು, ಕರೆಂಟ್ ಹೋಗುವ ಊರಾದ್ದರಿಂದ ಬಲ್ಬೊಂದನ್ನೇ ನಂಬದೆ ಗೋಣಿ, ಬೈಹುಲ್ಲು ಜಾಸ್ತಿ ಇಟ್ಟಿರಬೇಕು. ಮರಿಗಳ ನಡುವೆ 15-20 ನಿಮಿಷ ಸಾಮಾನ್ಯ. ಮುಕ್ಕಾಲು ಗಂಟೆ ತಿಣುಕಿದರೂ ಮರಿ ಬಾರದಿದ್ದರೆ ಪಶುವೈದ್ಯರಿಗೆ ಫೋನ್ ಮಾಡುವ ಸಮಯ. ಗರ್ಭಕೋಶವನ್ನು ಹಿಂಡಿಸುವ ಆಕ್ಸಿಟೋಸಿನ್ ಚುಚ್ಚುಮದ್ದು ನಿಮ್ಮ ಕೈಯಿಂದ ಬೇಡ, ಮರಿ ಅಡ್ಡ ಸಿಕ್ಕಿದ್ದರೆ ಗರ್ಭಕೋಶವೇ ಹರಿಯಬಹುದು.

ಬಾಕಿ ಇರುವುದು

ಶೀಟಿಗೆ ‘ನಿಜವಾಗಿ ಎಷ್ಟನೇ ದಿನ’ ಎಂಬ ಕಾಲಂ ಸೇರಿಸಬೇಕು. 115ಕ್ಕೆ ಹಾಕಿದ ಹಂದಿ ಮುಂದಿನ ಸೂಲಿನಲ್ಲೂ ಅದರ ಆಸುಪಾಸಿನಲ್ಲೇ ಹಾಕುವುದು ಹೆಚ್ಚು. ಮರಿಗಳ ಸಂಖ್ಯೆ ಹೆಚ್ಚಿದ್ದರೆ ಮಾತ್ರ ಸ್ವಲ್ಪ ಮೊದಲೇ. ಎರಡು ಮೂರು ಸೂಲು ಬರೆದ ಮೇಲೆ 114ರ ಜಾಗದಲ್ಲಿ ಆ ಹಂದಿಯದೇ ಸರಾಸರಿ ಹಾಕುವುದೆಂದು ಇದೆ. ಚಕ್ರಕ್ಕೆ ಒಂದೊಂದು ಹಂದಿಯ ನಂಬರಿನ ಬಣ್ಣದ ಪಿನ್ನುಗಳೂ ಬರಬೇಕು.