ಮಾಸ್ಟಿನ ಬುಡದ ಡೆಕ್: ಮೂರನೆಯ ಸಲ ಹಿಡಿಯಿತು

ಕಳೆದ ಭಾನುವಾರ ಬೆಳಗ್ಗೆ, ನಾನು ರಿಪೇರಿ ಮಾಡುತ್ತಿರುವ ಹಾಯಿದೋಣಿಯಲ್ಲಿ ಮಾಸ್ಟ್ (ಹಾಯಿ ಕಟ್ಟುವ ಕಂಬ) ನಿಲ್ಲುವ ಜಾಗದ ಡೆಕ್ಕನ್ನು, ಅಂದರೆ ದೋಣಿಯ ಮೇಲ್ಹಾಸನ್ನು, ಸ್ಕ್ರೂಡ್ರೈವರಿನ ಹಿಡಿಯಿಂದ, ತೆಂಗಿನಕಾಯಿ ಬಲಿತಿದೆಯೇ ಎಂದು ಪರೀಕ್ಷಿಸುವಂತೆ, ಅಂಗುಲ ಅಂಗುಲವಾಗಿ ಬಡಿದು ನೋಡಿದೆ. ಎಲ್ಲ ಕಡೆಯಿಂದಲೂ ಒಂದೇ ಗಟ್ಟಿ ಸದ್ದು ಬಂತು. ಹಲ್ (ದೋಣಿಯ ಒಡಲು) ಉಜ್ಜಿದ್ದು, ಅದರ ಹೊರಮೈಯ ಹೊಳಪಿನ ಪದರವಾದ ಜೆಲ್‌ಕೋಟಿಗೆ ತೇಪೆ ಹಾಕಿದ್ದು, ಕಿಟಕಿಗಳ ರಬ್ಬರು ಬದಲಿಸಿದ್ದು ಎಲ್ಲರಿಗೂ ಗೊತ್ತಿರುವ ಕೆಲಸಗಳು. ಎರಡು ವರ್ಷ ನನ್ನನ್ನು ಕಾಡಿದ್ದು ಎರಡು ಅಡಿ ಚೌಕದ ಈ ಜಾಗ ಮಾತ್ರ.

ದೋಣಿ 24 ಅಡಿಯದು, ನೀರಿನ ಗೆರೆಯಲ್ಲಿ 20 ಅಡಿ. ವಾರಾಂತ್ಯದಲ್ಲಿ ಪಂದ್ಯಕ್ಕೂ ರಜೆಯಲ್ಲಿ ಕರಾವಳಿ ಸುತ್ತಲಿಕ್ಕೂ ಒಂದೇ ದೋಣಿ ಸಾಕು ಎಂಬ ಆಲೋಚನೆಯಿಂದ ಹುಟ್ಟಿದ ವಿನ್ಯಾಸ. ರಾಡ್ ಜಾನ್‌ಸ್ಟೋನ್ ರೂಪಿಸಿ, 1977ರಲ್ಲಿ ತಯಾರಿಕೆ ಶುರುವಾದ ಜೆ/24 ಎಂಬ ಹಾಯಿದೋಣಿ ಆ ಆಲೋಚನೆಯನ್ನು ಜಗತ್ತಿನಾದ್ಯಂತ ಹರಡಿತು. ಅದರಲ್ಲಿರುವಂತೆ ಇಲ್ಲಿಯೂ ಡೆಕ್ಕಿನ ಎರಡು ತೆಳುವಾದ ಫೈಬರ್ ಪದರಗಳ ನಡುವೆ ಬಾಲ್ಸಾ ಎಂಬ ತೀರಾ ಹಗುರ ಮರದ ತುಂಡುಗಳನ್ನು ಎಳೆ ನೆಟ್ಟಗೆ ನಿಲ್ಲುವಂತೆ ಜೋಡಿಸಿದ್ದಾರೆ. ದಪ್ಪ ಇಮ್ಮಡಿಯಾದರೆ ಹಲಗೆಯ ಬಿಗಿ ಎಂಟು ಪಟ್ಟಾಗುತ್ತದೆ. ಅಷ್ಟು ದಪ್ಪವನ್ನೆಲ್ಲ ಫೈಬರಿನಿಂದಲೇ ಕಟ್ಟಿದರೆ ಮೇಲ್ಭಾಗ ಭಾರವಾಗಿ, ಗಾಳಿಗೆ ವಾಲಿದ ದೋಣಿ ಮರಳಿ ನೆಟ್ಟಗಾಗುವ ಶಕ್ತಿ ಕುಗ್ಗುತ್ತದೆ. ಡೆಕ್‌ನಲ್ಲಿ ಉಳಿಸಿದ ತೂಕವನ್ನು ಕೀಲ್‌ನ, ಅಂದರೆ ದೋಣಿಯ ತಳದಿಂದ ನೀರಿಗಿಳಿದಿರುವ ಭಾರದ ರೆಕ್ಕೆಯ, ಸೀಸಕ್ಕೆ ಕೊಡಬಹುದು. ಈ ಜಾಣ್ಮೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಬೋಲ್ಟಿನ ಒಂದೇ ಒಂದು ತೂತಿನಿಂದ ನೀರು ಒಳಗಿಳಿದರೂ ಸಾಕು, ಬಾಲ್ಸಾ ಕೊಳೆಯಲು ಶುರುವಾಗುತ್ತದೆ. ನಾನು ಮೊದಲ ಬೋಲ್ಟು ಕಿತ್ತಾಗ ಕಂದು ನೀರು ಒಸರಿ, ನೀರಲ್ಲಿ ಕೊಳೆಹಾಕಿದ ತೆಂಗಿನ ಸಿಪ್ಪೆಯ ವಾಸನೆ ಕ್ಯಾಬಿನ್ ತುಂಬ ಹರಡಿತ್ತು.

ಮೊದಲ ಪ್ರಯತ್ನದಲ್ಲಿ ಒಳಗಿನಿಂದ ಸಣ್ಣ ತೂತುಗಳನ್ನು ಕೊರೆದು, ಏಪ್ರಿಲ್ ಇಡೀ ಒಣಗಿಸಿ, ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟನ್ನು ತುಂಬಿದೆ. ಮರದೊಳಗೆ ಉಳಿದಿದ್ದ ತೇವ ಎಪಾಕ್ಸಿಯನ್ನು ಹಿಡಿಯಗೊಡಲಿಲ್ಲ.

ಎರಡನೆಯದು ಹೆಚ್ಚು ನೋವು ಕೊಟ್ಟಿತು. ಮೇಲಿನ ಪದರವನ್ನು ಕತ್ತರಿಸಿ ತೆಗೆದು, ಕೊಳೆತದ್ದನ್ನೆಲ್ಲ ಕೆರೆದು, ಹೊಸ ಬಾಲ್ಸಾ ಕೂರಿಸಿ, ಪಾಲಿಯೆಸ್ಟರ್ ರೆಸಿನ್‌ನಲ್ಲಿ (ಫೈಬರನ್ನು ನೆನೆಸಿ ಗಟ್ಟಿಯಾಗುವ ದ್ರವ) ಮೊದಲ ದಿನ ಎರಡು ಮ್ಯಾಟ್ (ಫೈಬರ್ ಎಳೆಗಳ ಹಾಸು), ಮರುದಿನ ಇನ್ನೆರಡು ಮ್ಯಾಟ್ ಹಾಕಿದೆ. ವಾರ ಬಿಟ್ಟು ಬೋಲ್ಟು ಬಿಗಿಯುವಾಗ ಮೇಲಿನ ಎರಡು ಪದರಗಳು ಅಡಿಕೆಯ ಹಾಳೆ ಕಳಚಿದಂತೆ ಇಡಿಯಾಗಿ ಎದ್ದು ಬಂದವು. ಕೆಳಗಿನ ಮೈ ನುಣ್ಣಗೆ ಹೊಳೆಯುತ್ತಿತ್ತು. ಅದರ ಮೇಲೆ ಬಿದ್ದ ನೀರು ಕೆಸುವಿನ ಎಲೆಯ ಮೇಲಿನಂತೆ ಮಣಿಯಾಗಿ ಉರುಳಿತು. ಕಡಪ್ಪುರದಲ್ಲಿ ಮೀನುಗಾರರ ಫೈಬರ್ ದೋಣಿ ರಿಪೇರಿ ಮಾಡುವ ಹಿರಿಯರೊಬ್ಬರು ಆ ತುಂಡನ್ನು ಬೆರಳಿನಿಂದ ಸವರಿ, “ಭಟ್ರೇ, ಇದಕ್ಕೆ ಮೇಣ ಬೆರೆಸಿದ್ದಾರೆ” ಎಂದರು.

ಅವರ ಮಾತು ನಿಜವಾಗಿತ್ತು. ಗಾಳಿ ತಗಲುವ ಪಾಲಿಯೆಸ್ಟರಿನ ಮೈ ಪೂರ್ತಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ, ಆ ಅಂಟೇ ಮುಂದಿನ ಪದರವನ್ನು ಹಿಡಿಯುತ್ತದೆ. ಕೊನೆಯ ಪದರಕ್ಕೆಂದು ಮಾರುವ ರೆಸಿನ್‌ನಲ್ಲಿ ಪ್ಯಾರಾಫಿನ್ ಮೇಣ ಇರುತ್ತದೆ. ಅದು ಮೇಲೆ ತೇಲಿ ಬಂದು ಗಾಳಿಯನ್ನು ತಡೆಯುತ್ತದೆ. ಮೇಣವಿಲ್ಲದ್ದು ಬೇಕೆಂದು ನಾನು ಚೀಟಿಯಲ್ಲಿ ಬರೆದು ಕೊಟ್ಟಿದ್ದರೂ ಅಂಗಡಿಯವರು ಕಳಿಸಿದ್ದು ಮೇಣದ ರೆಸಿನ್, ಅದೂ ಲೇಬಲ್ ಇಲ್ಲದ ಕ್ಯಾನಿನಲ್ಲಿ. ಕೇಳಿದಾಗ, ಎಲ್ಲರೂ ಇದನ್ನೇ ಒಯ್ಯುತ್ತಾರೆ ಎಂದರು. ಎಲ್ಲ ಪದರಗಳನ್ನೂ ಹಸಿಯಾಗಿಯೇ ಒಂದೇ ದಿನ ಮುಗಿಸುವವರಿಗೆ ಅದು ನಡೆದೀತು. ಸಮುದ್ರದಲ್ಲಿ ಒಬ್ಬರ ಜೀವ ನೆಚ್ಚಿಕೊಳ್ಳುವ ಸಾಮಾನನ್ನು ಹೆಸರಿಲ್ಲದೆ ಮಾರುವುದನ್ನು ನಾನು ಒಪ್ಪಲಾರೆ.

ಮೂರನೆಯ ಸಲ ಅವಸರ ಮಾಡಲಿಲ್ಲ. ಹೊಸ ಬಾಲ್ಸಾವನ್ನು ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡಿನಲ್ಲಿ ಹರಡಿ, ಒಂದು ತುಂಡನ್ನು ದಿನವೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಸತತ ಮೂರು ದಿನ ತೂಕ ಇಳಿಯದಿದ್ದಾಗ ಒಣಗಿದೆಯೆಂದು ತೀರ್ಮಾನಿಸಿದೆ. ಮಾಸ್ಟಿನ ನೇರ ಕೆಳಗೆ ಬಾಲ್ಸಾ ಬೇಡವೆಂದು ಭಾರತೀಯ ಮಾನಕ ಐಎಸ್ 710ರ ಗುರುತಿನ ಮರೈನ್ ಪ್ಲೈವುಡ್ ಕೂರಿಸಿದೆ. ಗಾಳಿ ಜೋರಾದಾಗ, ಎಳೆದು ನಿಲ್ಲಿಸಿರುವ ತಂತಿಗಳ ಬಿಗಿತವೂ ಸೇರಿ ಮಾಸ್ಟ್ ಕೆಳಕ್ಕೆ ಒತ್ತುವ ಬಲ ದೋಣಿಯ ತೂಕವನ್ನೂ ಮೀರಬಹುದು. ಹಳೆಯ ಪದರ ಮೂರು ಮಿಲಿಮೀಟರ್ ದಪ್ಪವಿರುವುದರಿಂದ ಅದರ ಅಂಚನ್ನು ಒಂದಕ್ಕೆ ಹನ್ನೆರಡರಂತೆ 36 ಮಿಲಿಮೀಟರ್ ಅಗಲಕ್ಕೆ ಇಳಿಜಾರಾಗಿ ಉಜ್ಜಿದೆ. ಹಳೆಯ ಫೈಬರಿಗೆ ಪಾಲಿಯೆಸ್ಟರಿಗಿಂತ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ. ಆದರೆ ಮ್ಯಾಟಿನ ಎಳೆಗಳನ್ನು ಕಟ್ಟಿರುವ ಅಂಟು ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನಿನಲ್ಲಿ ಕರಗುವಂಥದ್ದು, ಎಪಾಕ್ಸಿಯಲ್ಲಿ ಸರಿಯಾಗಿ ಕರಗದು. ಆದ್ದರಿಂದ ಮ್ಯಾಟ್ ಬಿಟ್ಟು ನೇಯ್ದ ಬಟ್ಟೆಯನ್ನೇ ಬಳಸಿದೆ. ಬೋಲ್ಟಿನ ತೂತುಗಳನ್ನು ಮೊದಲು ದೊಡ್ಡದಾಗಿ ಕೊರೆದು, ಗಟ್ಟಿ ಎಪಾಕ್ಸಿ ತುಂಬಿ, ಅದರ ನಡುವೆ ಮತ್ತೆ ಕೊರೆದಿದ್ದೇನೆ. ಇನ್ನು ನೀರು ಒಸರಿದರೂ ಮರವನ್ನು ಮುಟ್ಟುವುದಿಲ್ಲ.

ಪ್ಲೈವುಡ್ಡಿನಲ್ಲಿ ಉಳಿದ ತುಂಡು ಕಂಡಾಗಿನಿಂದ ಮನಸ್ಸು ಚುಕ್ಕಾಣಿಯ ಕಡೆ ಎಳೆಯುತ್ತಿದೆ. ಕೀಲ್ ನಾಲ್ಕು ಅಡಿ ಆಳಕ್ಕಿಳಿಯುವುದರಿಂದ ಕಾಸರಗೋಡಿನ ಶಿರಿಯ ಹೊಳೆಯ ಅಳಿವೆಯನ್ನು ಭರತದಲ್ಲಷ್ಟೇ ದಾಟಬೇಕು. ಮರಳು ತಗಲಿದರೂ ಮುರಿಯದೆ ಮೇಲಕ್ಕೆ ಮಡಚಿಕೊಳ್ಳುವ ಚುಕ್ಕಾಣಿ ಬೇಕು. ಅದಕ್ಕೆ ಎನ್‌ಎಸಿಎ 0012 ಎಂಬ, ವಿಮಾನದ ರೆಕ್ಕೆಗಳಂಥ ಅಡ್ಡಕೊಯ್ತದ ಆಕಾರವನ್ನು ಆರಿಸಿದ್ದೇನೆ: 30 ಸೆಂಟಿಮೀಟರ್ ಅಗಲಕ್ಕೆ 3.6 ಸೆಂಟಿಮೀಟರ್ ದಪ್ಪ, ಅತಿ ದಪ್ಪದ ಜಾಗ ಮುಂದಿನ ಅಂಚಿನಿಂದ ಒಂಬತ್ತು ಸೆಂಟಿಮೀಟರ್ ಹಿಂದೆ. ರಟ್ಟಿನ ಅಚ್ಚು ನಿನ್ನೆ ರಾತ್ರಿ ಕತ್ತರಿಸಿ ಆಯಿತು. ಮಾಸ್ಟ್ ಎತ್ತುವುದು ಮುಂದಿನ ಭಾನುವಾರ.