ಇಲ್ಲದವರ ಹೆಸರಿಗೆ ಬಂದ ಮೇಲ್

ದಾವಣಗೆರೆಯಲ್ಲಿ ಮೆಕ್ಕೆಜೋಳದ ವಹಿವಾಟು ನಡೆಸುವ ಒಂದು ಕಚೇರಿಯ ಮೇಲ್ ವ್ಯವಸ್ಥೆಯನ್ನು ನಾನು ನೋಡಿಕೊಳ್ಳುತ್ತೇನೆ. ಹೊರಗಿನಿಂದ ಬರುವ ಮೇಲ್‌ಗಳನ್ನು ಪೋಸ್ಟ್‌ಫಿಕ್ಸ್ ಎಂಬ ಮೇಲ್ ತಂತ್ರಾಂಶವಿರುವ ರಿಲೇಯೊಂದು (ನಡುವೆ ನಿಂತು ಮೇಲ್ ದಾಟಿಸುವ ಸರ್ವರ್) ಮೊದಲು ಪಡೆದು, ಸ್ಪ್ಯಾಮ್ ಸೋಸಿ, ಒಳಗಿನ ಸರ್ವರಿಗೆ ದಾಟಿಸುತ್ತದೆ. ಕಳೆದ ಸುಗ್ಗಿಯಲ್ಲಿ, ಕೋಳಿ ಆಹಾರದ ಗಿರಣಿಗಳಿಗೆ ಕಳುಹಿಸಿದ ದರಪಟ್ಟಿಗಳು ತಲುಪುತ್ತಿಲ್ಲವೆಂಬ ದೂರು ಬಂದಾಗ ರಿಲೇಯ ಕ್ಯೂ, ಅಂದರೆ ಹೋಗಲು ಕಾದಿರುವ ಮೇಲ್‌ಗಳ ಸಾಲು, ತೆರೆದು ನೋಡಿದೆ. ನಮ್ಮವರು ಯಾರೂ ಎಂದೂ ಬರೆಯದ ವಿಳಾಸಗಳಿಗೆ ಹೋಗಬೇಕಾದ ಬೌನ್ಸ್ ಪತ್ರಗಳು (‘ನಿಮ್ಮ ಮೇಲ್ ತಲುಪಲಿಲ್ಲ’ ಎಂಬ ಸೂಚನೆಗಳು) ಅಲ್ಲಿ ಸಾಲುಗಟ್ಟಿ ನಿಂತಿದ್ದವು.

ತಪ್ಪು ನನ್ನದೇ. ಯಾವ ಡೊಮೇನುಗಳ ಮೇಲ್ ಪಡೆದು ದಾಟಿಸಬೇಕೆಂದು ಪೋಸ್ಟ್‌ಫಿಕ್ಸ್‌ಗೆ ಹೇಳುವ ರಿಲೇ_ಡೊಮೇನ್ಸ್‌ನಲ್ಲಿ ಕಚೇರಿಯ ಡೊಮೇನನ್ನು (ಮೇಲ್ ವಿಳಾಸದಲ್ಲಿ @ ಆದ ಮೇಲಿನ ಭಾಗ) ಬರೆದು ಕೆಲಸ ಮುಗಿಯಿತೆಂದುಕೊಂಡಿದ್ದೆ. ಆ ಡೊಮೇನಿನಲ್ಲಿ ನಿಜವಾಗಿ ಇರುವ ವಿಳಾಸಗಳನ್ನು ತಿಳಿಸುವ ರಿಲೇ_ರೆಸಿಪಿಯೆಂಟ್_ಮ್ಯಾಪ್ಸ್ ಖಾಲಿಯಾಗಿಯೇ ಉಳಿದಿತ್ತು. ಅದು ಖಾಲಿಯಿದ್ದರೆ ಆ ಡೊಮೇನಿನ ಯಾವ ಹೆಸರಿಗೆ ಮೇಲ್ ಬಂದರೂ ಪೋಸ್ಟ್‌ಫಿಕ್ಸ್ ಒಪ್ಪಿಕೊಳ್ಳುತ್ತದೆ. ಪತ್ರವನ್ನು ಪಡೆದು 250, ಅಂದರೆ ‘ಒಪ್ಪಿಕೊಂಡೆ’, ಎಂದು ಉತ್ತರಿಸಿದ ಮೇಲೆ ಅದರ ಹೊಣೆ ನಮ್ಮದಾಗುತ್ತದೆ: ತಲುಪಿಸಬೇಕು, ಆಗದಿದ್ದರೆ ಕಳುಹಿಸಿದವರಿಗೆ ತಿಳಿಸಬೇಕು. ಆದರೆ ಸ್ಪ್ಯಾಮ್‌ನಲ್ಲಿ ಕಳುಹಿಸಿದವರ ವಿಳಾಸ ಸಾಮಾನ್ಯವಾಗಿ ಖೋಟಾ ಆಗಿರುವುದರಿಂದ, ಒಳಗಿನ ಸರ್ವರ್ ‘ಅಂಥವರು ಇಲ್ಲಿಲ್ಲ’ ಎಂದಾಗಲೆಲ್ಲ ನಮ್ಮ ರಿಲೇ ಸಂಬಂಧವೇ ಇಲ್ಲದ ಯಾರಿಗೋ ಪತ್ರ ಬರೆಯುತ್ತಿತ್ತು. ಬ್ಯಾಕ್‌ಸ್ಕ್ಯಾಟರ್ ಎಂದು ಇದನ್ನೇ ಕರೆಯುತ್ತಾರೆ. ತಲುಪದ ಬೌನ್ಸ್‌ಗಳು ರೂಢಿಯ ಸೆಟ್ಟಿಂಗ್‌ನಂತೆ 5 ದಿನ ಕ್ಯೂನಲ್ಲೇ ಉಳಿದವು. ಅಷ್ಟರಲ್ಲಿ ನಮ್ಮ ಐಪಿ (ಅಂತರ್ಜಾಲದಲ್ಲಿ ನಮ್ಮ ಸರ್ವರಿನ ಸಂಖ್ಯಾ ವಿಳಾಸ) ಸ್ಪ್ಯಾಮ್ ಕಳುಹಿಸುವವರ ಕಪ್ಪುಪಟ್ಟಿ ಸೇರಿತ್ತು. ಆ ಪಟ್ಟಿ ನೋಡುವ ಸರ್ವರ್‌ಗಳು ನಮ್ಮ ಮೇಲ್ ಪಡೆಯುತ್ತಿರಲಿಲ್ಲ. ದರಪಟ್ಟಿಗಳು ಎಲ್ಲಿ ಸಿಕ್ಕಿಕೊಂಡವೆಂದು ಆಗ ತಿಳಿಯಿತು.

ಪರಿಹಾರ ಸರಳ. ಇರುವ ವಿಳಾಸಗಳನ್ನೆಲ್ಲ ಒಂದು ಕಡತದಲ್ಲಿ ಸಾಲಿಗೊಂದರಂತೆ ಬರೆದು, ಪ್ರತಿಯೊಂದರ ಮುಂದೆ ಓಕೆ ಎಂದು ಸೇರಿಸಿ, ಕಡತವನ್ನು ಪೋಸ್ಟ್‌ಫಿಕ್ಸ್ ಓದುವ ಕೋಷ್ಟಕವಾಗಿಸುವ ಪೋಸ್ಟ್‌ಮ್ಯಾಪ್ ಆದೇಶವನ್ನು ಓಡಿಸಿ, ಆ ಕೋಷ್ಟಕವನ್ನು ರಿಲೇ_ರೆಸಿಪಿಯೆಂಟ್_ಮ್ಯಾಪ್ಸ್‌ಗೆ ಕೊಟ್ಟೆ. ಪಟ್ಟಿಯಲ್ಲಿಲ್ಲದ ಹೆಸರಿಗೆ ಈಗ ಎರಡು ಸರ್ವರ್‌ಗಳ ಸಂಭಾಷಣೆಯ ನಡುವೆಯೇ, ಪತ್ರದ ಒಡಲು ಬರುವ ಮೊದಲೇ, 550 5.1.1 (ಅಂಥ ವಿಳಾಸ ಇಲ್ಲ) ಎಂಬ ಶಾಶ್ವತ ನಿರಾಕರಣೆ ಹೋಗುತ್ತದೆ. ನಿಜವಾದ ಗಿರಾಕಿಯೊಬ್ಬರು ಅಕ್ಷರ ತಪ್ಪಿ ಬರೆದಿದ್ದರೆ ಅವರ ಸರ್ವರೇ ಅವರಿಗೆ ತಿಳಿಸುತ್ತದೆ. ಖೋಟಾ ವಿಳಾಸದವರಿಗೆ ನಾವು ಏನನ್ನೂ ಬರೆಯಬೇಕಾಗಿಲ್ಲ.

ಪಟ್ಟಿ ಪೂರ್ಣವಾಗಿದೆಯೆಂಬ ಭರವಸೆ ನನಗಿರಲಿಲ್ಲ. ಹಾಗಾಗಿ ಮೊದಲ ವಾರ ನಿರಾಕರಣೆಯ ಸಂಖ್ಯೆಯನ್ನು 450 ಎಂದಿಟ್ಟೆ. ಅದು ತಾತ್ಕಾಲಿಕ ನಿರಾಕರಣೆಯಾದ್ದರಿಂದ ಕಳುಹಿಸುವ ಸರ್ವರ್ ಮತ್ತೆ ಪ್ರಯತ್ನಿಸುತ್ತದೆ. ಲಾಗ್ ನೋಡುತ್ತಾ ಹೋದಂತೆ ಲೆಕ್ಕಪತ್ರ ವಿಭಾಗದ ಏಲಿಯಾಸ್ (ಬೇರೆ ಪೆಟ್ಟಿಗೆಗೆ ಮೇಲ್ ಕಳಿಸುವ ಇನ್ನೊಂದು ಹೆಸರು) ಬಿಟ್ಟುಹೋಗಿದ್ದು ಕಂಡಿತು. ಮೇಲ್ ವ್ಯವಸ್ಥೆ ನೋಡಿಕೊಳ್ಳುವವರಿಗೆ ಬರೆಯಲು ಇರುವ ಪೋಸ್ಟ್‌ಮಾಸ್ಟರ್ ವಿಳಾಸವನ್ನೂ ಮರೆತಿದ್ದೆ. ಮೇಲ್ ಪಡೆಯುವ ಡೊಮೇನಿಗೆ ಅದು ಇರಲೇಬೇಕೆಂದು ಮೇಲ್ ಸಾಗಣೆಯ ನಿಯಮಗಳ ದಾಖಲೆಯಾದ ಆರ್‌ಎಫ್‌ಸಿ 5321 ಹೇಳುತ್ತದೆ. ಎರಡನ್ನೂ ಸೇರಿಸಿದ ಮೇಲೆಯೇ 550ಕ್ಕೆ ಮರಳಿದೆ.

ಪಟ್ಟಿ ಬೇಡವೆನ್ನುವವರಿಗೆ ರಿಜೆಕ್ಟ್_ಅನ್‌ವೆರಿಫೈಡ್_ರೆಸಿಪಿಯೆಂಟ್ ಎಂಬ ಸೆಟ್ಟಿಂಗ್ ಇದೆ: ಆ ವಿಳಾಸ ಇದೆಯೇ ಎಂದು ರಿಲೇ ಒಳಗಿನ ಸರ್ವರನ್ನೇ ಕೇಳಿ, ಉತ್ತರವನ್ನು ನೆನಪಿಟ್ಟುಕೊಳ್ಳುತ್ತದೆ. ಆದರೆ ಒಳಗಿನ ಸರ್ವರ್ ಯಾವ ಹೆಸರು ಕೇಳಿದರೂ ಹೂಂ ಎನ್ನುವಂಥದ್ದಾದರೆ ಅದರಿಂದ ಪ್ರಯೋಜನವಿಲ್ಲ. ಇಷ್ಟು ಚಿಕ್ಕ ಕಚೇರಿಗೆ ಪಟ್ಟಿಯೇ ಮೇಲೆಂಬುದು ನನ್ನ ಅನಿಸಿಕೆ. ಒಳಗಿನ ಸರ್ವರಿನಿಂದ ಅದನ್ನು ಪ್ರತಿ ರಾತ್ರಿ ತೆಗೆದು ಹೊಸದಾಗಿ ಕಟ್ಟುವ ಕೆಲಸವನ್ನು, ಹೇಳಿದ ಹೊತ್ತಿಗೆ ಕೆಲಸಗಳನ್ನು ತಾನೇ ಓಡಿಸುವ ಕ್ರಾನ್‌ಗೆ ಒಪ್ಪಿಸಿದ್ದೇನೆ. ಒಳಗಿನಿಂದ ಖಾಲಿ ಪಟ್ಟಿ ಬಂದರೆ ಮಾತ್ರ ಹಳೆಯದನ್ನೇ ಉಳಿಸಿಕೊಳ್ಳುವಂತೆ ಬರೆದಿದ್ದೇನೆ.