ಶಬ್ತಿಯ ಮುಖ ಆಮೇಲೆ, ಬೆನ್ನು ಮೊದಲು

ಬ್ರಿಟನ್ನಿನ ಒಂದು ಮ್ಯೂಸಿಯಂನಲ್ಲಿ ನನ್ನದು ಕ್ಯಾಟಲಾಗ್ ಕೆಲಸ. ನನ್ನ ಟೇಬಲ್ಲಿಗೆ ಜಾಸ್ತಿ ಬರುವುದು ಶಬ್ತಿಗಳು. ಅಂದರೆ ಪುರಾತನ ಈಜಿಪ್ಟಿನವರು ಸತ್ತವರ ಜೊತೆ ಗೋರಿಯಲ್ಲಿಡುತ್ತಿದ್ದ ಪುಟ್ಟ ಬೊಂಬೆಗಳು. ಸತ್ತ ಮೇಲೂ ಆ ಲೋಕದಲ್ಲಿ ಹೊಲ ಗೇಯಬೇಕು, ನೀರು ಹಾಯಿಸಬೇಕು, ಮರಳು ಸಾಗಿಸಬೇಕು ಅನ್ನುವುದು ಅವರ ನಂಬಿಕೆ. ಯಜಮಾನನನ್ನು ಕೆಲಸಕ್ಕೆ ಕರೆದಾಗ "ಇಗೋ, ನಾನಿದ್ದೇನೆ" ಎಂದು ಅವನ ಬದಲಿಗೆ ಏಳಬೇಕಾದ್ದು ಈ ಬೊಂಬೆ. ಎಷ್ಟೋ ಬೊಂಬೆಗಳ ಮೈಮೇಲೆ ಆ ಮಾತನ್ನೇ ಬರೆದಿರುತ್ತಾರೆ.

ಈ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳುವುದು, ಬೆನ್ನು ನೋಡಿ ಅಂತ. ಮುಖ ಚೆನ್ನಾಗಿರುತ್ತದೆ, ಕಣ್ಣು ಅಲ್ಲೇ ನಿಂತುಬಿಡುತ್ತದೆ. ಬೆನ್ನಿಗೆ ಅಂಟಿಕೊಂಡಂತೆ ಚಪ್ಪಟೆ ಕಂಬ, ಕಾಲಡಿ ಒಂದು ಪೀಠ ಇದ್ದರೆ ಅದು ಬಹುತೇಕ 26ನೇ ರಾಜವಂಶದ ಕಾಲದ್ದು ಅಥವಾ ಅದರ ನಂತರದ್ದು, ಅಂದರೆ ಕ್ರಿ.ಪೂ. 664ರಿಂದ ಈಚಿನದು. ಕಂಬವಿಲ್ಲದೆ, ಗಾಢ ನೀಲಿ ಹೊಳಪಿನ ಮೇಲೆ ಕಪ್ಪು ಬಣ್ಣದಲ್ಲಿ ತಲೆಪಟ್ಟಿ ಬರೆದು, ಅದರ ಗಂಟನ್ನು ತಲೆಯ ಹಿಂದೆ ತೋರಿಸಿದ್ದರೆ ಇನ್ನೂ ಹಿಂದಿನದು. 21ನೇ ರಾಜವಂಶದ ಬೊಂಬೆಗಳಲ್ಲಿ ಈ ಗಂಟು ಮತ್ತೆ ಮತ್ತೆ ಸಿಗುತ್ತದೆ. ಎಷ್ಟೋ ಹಳೇ ಕ್ಯಾಟಲಾಗ್‌ಗಳಲ್ಲಿ ಮುಂಬದಿಯ ಫೋಟೋ ಮಾತ್ರ ಇರುತ್ತದೆ. ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಬೆನ್ನು ಆದಮೇಲೆ ಕೈಗಳು. ಕಾಲ ಯಾವುದು ಅನ್ನುವ ಕಾಲಂ ಮಾತ್ರ ಕೊನೆಗೆ ತುಂಬಿ. ನೆದರ್ಲೆಂಡ್ಸಿನ ಲೈಡನ್ ಮ್ಯೂಸಿಯಂನ ಹಾನ್ಸ್ ಷ್ನೈಡರ್ 1977ರಲ್ಲಿ ಒಂದು ವರ್ಗೀಕರಣ ಕೊಟ್ಟರು. ಕೂದಲು, ಕೈ, ಉಪಕರಣ, ಬೀಜದ ಚೀಲ, ಬರಹ ಇರುವ ಜಾಗ, ಹೀಗೆ ಒಂದೊಂದಕ್ಕೂ ಬೇರೆ ಬೇರೆ ಸಂಕೇತ. ನಾವು ಈಗಲೂ ಅದನ್ನೇ ಬಳಸುತ್ತೇವೆ. ಕಾಲವನ್ನು ಮೊದಲೇ ಬರೆದುಬಿಟ್ಟರೆ ಕಣ್ಣು ಅದಕ್ಕೆ ಹೊಂದುವುದನ್ನು ಮಾತ್ರ ಹುಡುಕುತ್ತದೆ, ಅಲ್ವಾ?

ಹೋಲಿಸುವಾಗ ಇನ್ನೂ ಹುಷಾರಾಗಿರಬೇಕು. ನೋಡಲು ಒಂದೇ ಥರ ಇರುವ ಎರಡು ಬೊಂಬೆ ಬೇರೆ ಬೇರೆಯವರದ್ದಾಗಿರಬಹುದು. ಒಂದಕ್ಕೊಂದು ಹೋಲದ ಎರಡು ಒಬ್ಬನದೇ ಆಗಿರಬಹುದು. ಈಜಿಪ್ಟಿನ ರಾಜ ಟುಟಾಂಖಾಮನ್ನನ ಗೋರಿಯಲ್ಲಿ 413 ಶಬ್ತಿಗಳಿದ್ದವು. ದಿನಕ್ಕೊಂದರಂತೆ 365 ಕೆಲಸದಾಳುಗಳು, ಅವರ ಮೇಲೆ 36 ಮೇಸ್ತ್ರಿಗಳು, ತಿಂಗಳಿಗೊಬ್ಬರಂತೆ ಇನ್ನೂ 12 ಮೇಲ್ವಿಚಾರಕರು. ನಂತರದ ಶತಮಾನಗಳಲ್ಲಿ ಮೇಸ್ತ್ರಿಗೆ ಕೈಯಲ್ಲಿ ಚಾಟಿ, ಸೊಂಟದಿಂದ ಮುಂದಕ್ಕೆ ಚಾಚಿದ ಬಟ್ಟೆ ಬಂತು. ಆಳು ಮತ್ತು ಮೇಸ್ತ್ರಿಯನ್ನು ಪಕ್ಕಪಕ್ಕ ಇಟ್ಟರೆ ಒಂದೇ ಸೆಟ್ ಅಂತ ಯಾರೂ ಹೇಳಲ್ಲ.

ಹಾಗಾಗಿ ರೂಪಕ್ಕಿಂತ ಹೆಸರು ಗಟ್ಟಿ. 26ನೇ ರಾಜವಂಶದಿಂದ ಈಚಿನ ಶಬ್ತಿಗಳಲ್ಲಿ ಯಜಮಾನನ ಹೆಸರಿನ ಜೊತೆ ಸಾಮಾನ್ಯವಾಗಿ ತಾಯಿಯ ಹೆಸರೂ ಇರುತ್ತದೆ. ಒಂದೇ ಹೆಸರಿನವರು ಆಗಲೂ ಬೇಕಾದಷ್ಟು ಜನ ಇದ್ದರು. ಅವರನ್ನು ಬೇರೆ ಮಾಡಿ ತೋರಿಸುವುದು ತಾಯಿಯ ಹೆಸರೇ. 1888ರಲ್ಲಿ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಈಜಿಪ್ಟಿನ ಹವಾರಾದಲ್ಲಿ ನೀರು ತುಂಬಿದ ಗೋರಿಯೊಂದರಿಂದ ಹೊರುಜಾ ಎಂಬವನ 399 ಶಬ್ತಿಗಳನ್ನು ತೆಗೆದರು. ಇವತ್ತು ಅವು ಎಷ್ಟೋ ದೇಶಗಳ ಮ್ಯೂಸಿಯಂಗಳಲ್ಲಿ ಹಂಚಿಹೋಗಿವೆ. ಯಾವುದೋ ಊರಿನ ಕಪಾಟಿನಲ್ಲಿರುವ ಬೊಂಬೆ ಅವನದೇ ಅಂತ ಹೇಳಲು ಆ ಎರಡು ಹೆಸರು ಸಾಕು.

ಅಕ್ಷರ ಮಸುಕಾಗಿದ್ದರೆ ಟಾರ್ಚನ್ನು ಮೇಲಿನಿಂದ ಹಿಡಿಯಬೇಡಿ. ಪಕ್ಕದಿಂದ, ಬೊಂಬೆಯ ಮಟ್ಟಕ್ಕೇ ಇಳಿಸಿ ಹಿಡಿಯಿರಿ. ಗೀರಿದ ಅಕ್ಷರದ ಒಂದು ಅಂಚಿಗೆ ನೆರಳು ಬೀಳುತ್ತದೆ, ಕಾಣದ ಚಿಹ್ನೆ ಕಾಣುತ್ತದೆ. ಅರ್ಧ ಕಂಡದ್ದನ್ನು ಅರ್ಧವೇ ಬರೆಯಿರಿ, ಊಹಿಸಿ ತುಂಬಬೇಡಿ.

ನಕಲಿಗಳೂ ಬರುತ್ತವೆ. ಅಸಲಿ ಬೊಂಬೆಯ ಮೇಲೆ ಅಚ್ಚು ತೆಗೆದು ಮಣ್ಣಿನಲ್ಲಿ ಒತ್ತಿ ಸುಟ್ಟರೆ ಅದು ಕುಗ್ಗುತ್ತದೆ, ಅಕ್ಷರಗಳ ಮೂಲೆ ಮೊಂಡಾಗುತ್ತದೆ. ಇದು ಗೊತ್ತಾಗಬೇಕಾದರೆ ಅಸಲಿಯ ಅಳತೆ ಸರಿಯಾಗಿ ದಾಖಲಾಗಿರಬೇಕು. ಎತ್ತರವನ್ನು ಕ್ಯಾಲಿಪರ್‌ನಿಂದ ಮಿಲಿಮೀಟರ್‌ನಲ್ಲೇ ಅಳೆಯಿರಿ. ಪಾದ ಮುರಿದಿದ್ದರೆ ಎತ್ತರದ ಪಕ್ಕದಲ್ಲೇ ಹಾಗಂತ ಬರೆದು, ಮುರಿದ ಅಂಚಿನ ಫೋಟೋವನ್ನೂ ಸೇರಿಸಿ. ಆ ಪಾದ ಬೇರೆ ಯಾವುದೋ ಮ್ಯೂಸಿಯಂನ ಡ್ರಾಯರಿನಲ್ಲಿ ಇದ್ದರೂ ಇರಬಹುದು.